ಆಮೆಪಾರೆಗೆ ಎಪ್ಪತ್ತೆಂಟು ಮಾರು

ಅಮ್ಮ ನನ್ನ ಅಣ್ಣ ಉದಯನ ಅಂಗಿಯನ್ನು ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ನಾನು ತೋಳಿನ ಕಡೆ ಹಿಡಿದೆ, ಅವಳು ಕಾಲರಿನ ಕಡೆ. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಮೀನು ಕೊಯ್ಯುವವರ ಮನೆ. ಮೊದಲ ನೀರು ಕೆಂಪಾಯಿತು. ಎರಡನೆಯದು ಚಹಾದ ಬಣ್ಣಕ್ಕೆ ಬಂತು. ಮೂರನೆಯದಕ್ಕೆ ಸೋಪು ಹಾಕಿದೆವು. ಜೇಬಿನಲ್ಲಿ ಏನೋ ಗಟ್ಟಿ ಕೈಗೆ ಸಿಕ್ಕಿತು. ತೆಗೆದು ನೋಡಿದರೆ ಹಲ್ಲು, ಬೇರಿನ ಸಮೇತ ಕಿತ್ತು ಬಂದ ದವಡೆ ಹಲ್ಲು. ಗೆಳೆಯರಿಗೆ ತೋರಿಸಲು ಇಟ್ಟುಕೊಂಡಿದ್ದನೋ ಏನೋ. ಅಮ್ಮ ಅದನ್ನು ನನ್ನ ಅಂಗೈಯಿಂದ ತೆಗೆದು ತೆಂಗಿನ ಬುಡಕ್ಕೆ ಎಸೆದು, ಅಂಗಿಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು.

ಹಲ್ಲು ನೀರ್ಕೋಡಿನ ಗಣಪನದು. ನೀರ್ಕೋಡು ನಮ್ಮ ಪಡುಕೇರಿಗೆ ತೆಂಕಲ ಪಕ್ಕದ ಊರು. ನನ್ನ ಅಕ್ಕ ಗುಲಾಬಿಯನ್ನು ಕೊಟ್ಟಿದ್ದು ಅಲ್ಲಿಗೇ, ಗಣಪನ ಅಣ್ಣ ಕುಶಲನಿಗೆ. ಹಿಂದಿನ ಸಂಜೆ ಗಣಪ ಇನ್ನೊಬ್ಬನ ಜೊತೆ ಬಂದು ನಮ್ಮ ಕಲ್ಬೇಲಿಯ ಕೇಬಲ್ ಕಡಿಯುತ್ತಿದ್ದಾಗ ಉದಯಣ್ಣನ ಕಾವಲು ಗುಂಪಿಗೆ ಸಿಕ್ಕಿದ್ದ. ಇನ್ನೊಬ್ಬ ಈಜಿ ತಪ್ಪಿಸಿಕೊಂಡ. ಗಣಪನನ್ನು ಹೊಯಿಗೆಯ ಮೇಲೆ, ದಡದ ಮರಳಿನಲ್ಲಿ ಕೆಡವಿ ದೋಣಿಯ ಹುಟ್ಟಿನಿಂದ ಹೊಡೆದರು. ನಾನು ಕಂಟ್ರೋಲ್ ಶೆಡ್ಡಿನ ಕಿಟಕಿಯಿಂದ ನೋಡಿದೆ. ಹದಿನಾರು ಪೆಟ್ಟು. ಎಣಿಸುವುದು ನನ್ನ ಕೆಲಸ, ಅಭ್ಯಾಸವಾಗಿಹೋಗಿದೆ.

ಕಲ್ಬೇಲಿ ಎಂದರೆ ಕಡಲೊಳಗೆ ತಾನಾಗಿ ಬೆಳೆಯುವ ಗೋಡೆ. ಕಡಲು ಏರಿ ನಮ್ಮೂರಿನ ಮೂರು ಸಾಲು ಮನೆಗಳು ಹೋದ ಮೇಲೆ ಸರ್ಕಾರ ದಡದ ಕಾಯ್ದೆ ಮಾಡಿತು. ಆ ಹೊತ್ತಿಗೆ ಬಂಡೆ ತಂದು ಸುರಿಯೋಣವೆಂದರೆ ಒಡೆಯಲು ಗುಡ್ಡಗಳೇ ಉಳಿದಿರಲಿಲ್ಲ. ಹಾಗಾಗಿ ಪ್ರತಿ ಪಂಚಾಯಿತಿಗೂ ಕಬ್ಬಿಣದ ಬಲೆ, ಬಿಸಿಲಿನ ಫಲಕಗಳು, ಒಂದು ಶೆಡ್ಡು ಕೊಟ್ಟರು. ಬಲೆಯನ್ನು ಕಡಲಿಗಿಳಿಸಿ ಸಣ್ಣ ಕರೆಂಟು ಹರಿಸಿದರೆ ನೀರಿನಲ್ಲಿ ಕರಗಿರುವ ಸುಣ್ಣ ಬಂದು ಅದಕ್ಕೆ ಅಂಟುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ. ನಫೀಸಾ ಮೇಡಂ ಎಂಬ ಇಂಜಿನಿಯರ್ ಕಂಡುಹಿಡಿದ ಲೇಪವನ್ನು ಬಲೆಗೆ ಬಳಿದಿದ್ದರಿಂದ ತಿಂಗಳಿಗೆ ಒಂದು ಬೆರಳಿನ ದಪ್ಪ ಕಲ್ಲು ಬೆಳೆಯುತ್ತಿತ್ತು. ಒಡೆದ ಕಡೆ ತಾನೇ ಕೂಡಿಕೊಳ್ಳುತ್ತಿತ್ತು. ಕರೆಂಟಿನ ಇನ್ನೊಂದು ತುದಿಯಲ್ಲಿ ಲೋಹದ ತಟ್ಟೆಗಳಿದ್ದವು. ಅಲ್ಲಿಂದ ಸದಾ ಗುಳ್ಳೆ ಏಳುತ್ತಿತ್ತು, ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿತ್ತು. ಆ ತಟ್ಟೆಗಳ ಕೊಳೆ ಬಿಡಿಸಲು ವಾರಕ್ಕೊಮ್ಮೆ ಅರ್ಧ ನಿಮಿಷ ಕರೆಂಟನ್ನು ಹಿಂದುಮುಂದು ಮಾಡಬೇಕು. ಅರ್ಧ ನಿಮಿಷಕ್ಕಿಂತ ಹೆಚ್ಚಾದರೆ, ಬೆಳೆಸಿದ ಕರೆಂಟೇ ಗೋಡೆಯನ್ನು ತಿನ್ನಲು ಶುರುಮಾಡುತ್ತದೆ. ಅದಕ್ಕೇ ತಿರುಗಿಸುವ ಗುಂಡಿಗೊಂದು ಬೀಗ. ಬೀಗದ ಕೈ ನನ್ನ ಕೊರಳಲ್ಲಿ.

ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಅಂಕಿ ಓದಲು ಬಂದರೆ ಸಾಕು, ಮಾತು ಕಡಿಮೆಯಿದ್ದರೆ ಇನ್ನೂ ಒಳ್ಳೆಯದು ಎಂದು ಊರಿನ ಮುಖಂಡ, ಗುರಿಕಾರ ಶೀನಪ್ಪನವರು ನನ್ನನ್ನು ಶೆಡ್ಡಿಗೆ ಹಾಕಿದ್ದರು. ದಿನಕ್ಕೆ ಮೂರು ಸಲ ಜಿಲ್ಲೆಯ ಕಂಟ್ರೋಲ್ ರೂಮಿನಿಂದ ವೈರ್‌ಲೆಸ್ಸಿನಲ್ಲಿ ಒಂದು ಗಂಡಸಿನ ದನಿ, “ಪಡುಕೇರಿ, ಹೇಳಿ,” ಎನ್ನುತ್ತಿತ್ತು. ನಾನು ನಾಲ್ಕು ಅಂಕಿ ಹೇಳುತ್ತಿದ್ದೆ. ಕರೆಂಟು ಯಾವ ಕಡೆ ಹರಿಯುತ್ತಿದೆಯೆಂದು ತೋರಿಸುವ ಮುಳ್ಳು ಮಾತ್ರ ಅವರಿಗೆ ಅಲ್ಲಿಂದಲೇ ಕಾಣುತ್ತಿತ್ತು. ಮಾಪಕಗಳು ಐದಿದ್ದವು. ಐದನೆಯದು ಗೋಡೆಯ ತೆಂಕಣ ತುದಿಯಲ್ಲಿ ನೀರು ಎಷ್ಟು ಆಳವಿದೆ ಎಂದು ತೋರಿಸುವುದು. ಅವರ ನಮೂನೆಯಲ್ಲಿ ನಾಲ್ಕೇ ಖಾನೆ. ಐದನೆಯದನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಕೈ ಎರಡೂ ಚಾಚಿದಷ್ಟು ಉದ್ದಕ್ಕೆ ನಾವು ಒಂದು ಮಾರು ಎನ್ನುತ್ತೇವೆ. ಸಂಕ್ರಾಂತಿಗೆ ಆ ತುದಿಯಲ್ಲಿ ಒಂದು ಮಾರು ಆಳವಿತ್ತು. ಯುಗಾದಿಗೆ ಎರಡು. ಈಗ ಮೂರೂವರೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗೋಡೆಯ ತುದಿಯಲ್ಲಿ ಹೀಗೆ ಗುಂಡಿ ಬಿದ್ದದ್ದಕ್ಕೆ ಕಾರಣ ಒಂದು ಹಗ್ಗ.

ನಮ್ಮಲ್ಲಿ ರಂಪಣಿ ಬಲೆಯನ್ನು ಊರಿಗೆ ಊರೇ ಸೇರಿ ದಡಕ್ಕೆ ಎಳೆಯುತ್ತದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ದಾರಿಹೋಕ ಬಂದು ಹಿಡಿದರೂ ಪಾಲು. ನಾನು ಹುಟ್ಟುವ ಮೊದಲು ಒಂದು ವರ್ಷ ಬಂಗುಡೆ ತುಂಬಿದ ಬಲೆ ಸೆಳೆತಕ್ಕೆ ಸಿಕ್ಕಿ ಗಡಿಗಂಬ ದಾಟಿ ನೀರ್ಕೋಡಿನ ದಡಕ್ಕೆ ಹೋಯಿತಂತೆ. ಅಲ್ಲಿಯವರು ಓಡಿ ಬಂದು ಹಗ್ಗ ಹಿಡಿದರು. ನಮ್ಮವರು ಆ ಕೈಗಳನ್ನು ಬಿಡಿಸಿದರು. ಬಿಡದೆ ಹಿಡಿದಿದ್ದ ಒಬ್ಬನ ಎರಡು ಬೆರಳು ಕತ್ತಿಯೇಟಿಗೆ ಹಗ್ಗದ ಮೇಲೇ ಉಳಿದವು. ಅವನು ಕುಶಲನ ಅಪ್ಪ. ಅಂದಿನಿಂದ ಎರಡು ಊರಿನ ನಡುವೆ ಹೆಣ್ಣು ಕೊಡುವುದು, ತರುವುದು ನಿಲ್ಲಲಿಲ್ಲ. ಆದರೆ ಪಡುಕೇರಿಯ ಹಗ್ಗವನ್ನು ನೀರ್ಕೋಡಿನವರು ಮುಟ್ಟುವುದು ನಿಂತುಹೋಯಿತು.

ಕಾಯ್ದೆಯ ಪ್ರಕಾರ ಕಲ್ಬೇಲಿಯ ಬಲೆಯನ್ನು ಊರವರೇ ಮನೆಗೊಬ್ಬರಂತೆ ಬಂದು ಎಳೆದು ಹಾಕಬೇಕು. ಗೋಡೆ ಆಮೆಪಾರೆಗೆ ಹೋಗಿ ತಾಗಲೇಬೇಕೆಂದು ನಫೀಸಾ ಮೇಡಂ ಅಂದೇ ಹೇಳಿದ್ದರು. ಆಮೆಪಾರೆ ಕಡಲಂಚಿನ ದೊಡ್ಡ ಬಂಡೆ. ಅದಿರುವುದು ನೀರ್ಕೋಡಿನ ಕಡೆ, ಗಡಿಗಂಬದಿಂದ ಎಪ್ಪತ್ತೆಂಟು ಮಾರು ಆಚೆ. ಎಳೆಯುವ ದಿನ ನೀರ್ಕೋಡಿನವರು ಬಂದು ಮರಳಿನ ಮೇಲೆ ಕೂತರು, ಹಗ್ಗ ಮುಟ್ಟಲಿಲ್ಲ. ನಮ್ಮ ಗುರಿಕಾರರು ಗಡಿಗಂಬದ ನೇರಕ್ಕೆ ಬಲೆ ನಿಲ್ಲಿಸಿ, “ಕೈ ಹಾಕದವ್ರಿಗೆ ಗೋಡೆ ಎಂತಕೆ?” ಎಂದರು. ಮಿಕ್ಕ ಬಲೆಯ ಸುರುಳಿ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಪಡುಕೇರಿಯ ಕಾಮಗಾರಿ ಪೂರ್ಣಗೊಂಡಿದೆ ಎಂದು ದಡ ಮಂಡಳಿಯ ಕಾಗದ ಬಂತು. ನಮ್ಮ ಪಂಚಾಯಿತಿಯ ಗಡಿ ಅಲ್ಲಿಗೇ ಮುಗಿಯುತ್ತಿತ್ತಲ್ಲ. ನೀರ್ಕೋಡಿನ ಪಂಚಾಯಿತಿಗೆ ಅದರ ಪಾಲಿನ ಬಲೆ ಇನ್ನೂ ಬಂದಿರಲಿಲ್ಲ.

ಹೊಯಿಗೆಗೆ ಪಂಚಾಯಿತಿ ಗೊತ್ತಿಲ್ಲ. ಅದು ದಡದುದ್ದಕ್ಕೂ ತೆಂಕಿಗೆ ನಡೆಯುತ್ತಿರುತ್ತದೆ. ಗೋಡೆ ನಡುವೆ ನಿಂತರೆ ಅದರ ತುದಿಯಲ್ಲಿ ಅಲೆ ಸುಳಿ ಸುತ್ತಿ ಪಕ್ಕದ ದಡವನ್ನು ಅಗೆಯುತ್ತದೆ. ನೀರ್ಕೋಡಿನಲ್ಲಿ ನಾಲ್ಕು ತಿಂಗಳಿಗೆ ಹತ್ತೊಂಬತ್ತು ಮನೆ ಹೋಗಿದ್ದವು.

ಅಂಗಿ ಒಣಗುವ ಮೊದಲೇ ಗುಲಾಬಿಯಕ್ಕ ಬಂದಳು. ಉದಯಣ್ಣ ಗಂಜಿ ಊಟಕ್ಕೆ ಕೂತಿದ್ದ. ಅವಳ ಕೈಯಲ್ಲಿ ಒಂದು ಗಂಟು, ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ.

“ಅಡುಗೆಮನೆ ಹೋಯ್ತ್,” ಎಂದಳು, ಯಾರನ್ನೂ ನೋಡದೆ. “ಚಾ ಕಾಯ್ಸುವತಿಗೆ ಒಲೆ ಇತ್ತ್. ಪಾತ್ರೆ ತೊಳ್ದ್ ಒಳಗೆ ಬಪ್ಪತಿಗೆ ನೆಲವೇ ಇಲ್ಲೆ.”

“ಕೂಕೊ ಮಗಾ,” ಎಂದಳು ಅಮ್ಮ. “ಗಂಜಿ ಇತ್ತ್.”

“ಗಣಪನ ದವಡೆ ಮೂರ್ ತುಂಡಾಯ್ತ್, ಉದಯ. ನೆತ್ರು ಒಳಗೆ ಇಳಿತಾ ಇತ್ತಂಬ್ರ್ ಡಾಕ್ಟ್ರ್. ನನ್ ಮದಿಗೆ ಚಪ್ಪರ ಹಾಕುಕೆ ನಿನ್ನೊಟ್ಟಿಗೆ ತೆಂಗಿನ ಮರ ಹತ್ತಿದವ ಅವ.”

“ಕೇಬಲ್ ಕಡ್ದವ್ರಿಗೆ ಹಾರ ಹಾಕ್ಕಾ?” ಉದಯಣ್ಣ ಉಪ್ಪಿನಕಾಯಿ ನೆಕ್ಕಿಕೊಂಡ. “ನಿಮ್ಮೂರವ್ರಿಗೆ ಹೇಳ್. ಹಗ್ಗಕ್ಕೆ ಬನಿ ಅಂದಾಗ ಕುಂಡಿ ಊರಿ ಕೂತವ್ರಿಗೆ ಈಗ ಗೋಡೆ ನೆನಪಾಯ್ತಾ?”

“ನಿಮ್ಮೂರವ್ರ್ ಅಂತ್ಯಲ. ನಾ ಯಾವೂರವ್ಳ್?”

“ನೀ ಆಚೆಯವ್ಳ್.”

ಅಕ್ಕ ಅಂಗಳದ ಕಡೆ ನೋಡಿದಳು. ಹಗ್ಗದ ಮೇಲೆ ಅಂಗಿ ಇತ್ತು. ಎದೆಯ ಮೇಲಿನ ಕಲೆ ಪೂರ್ತಿ ಹೋಗಿರಲಿಲ್ಲ. ಅವಳು ಒಲೆಯ ಮೇಲಿನ ಗಂಜಿಯ ಪಾತ್ರೆಯನ್ನು ಎರಡೂ ಕೈಯಿಂದ ಎತ್ತಿ ಅವನ ಮೇಲೆ ಸುರಿದಳು. ಅವನು ಕೂಗಲಿಲ್ಲ. ಎದ್ದು, ಮುಖದ ಅಗುಳು ಒರೆಸಿಕೊಳ್ಳುತ್ತಲೇ ಅವಳ ಕಿವಿಗೆ ಬಾರಿಸಿದ. ಓಲೆ ಕಿತ್ತು ಗೋಡೆಗೆ ಹೋಗಿ ಬಡಿಯಿತು. ಇನ್ನೊಮ್ಮೆ ಹೊಡೆದ. ಅಮ್ಮ ನಡುವೆ ಬಂದಳು, ಅವಳಿಗೂ ಬಿತ್ತು. ನಾನು ಬಾಗಿಲ ಹತ್ತಿರ ನಿಂತಿದ್ದೆ.

ಹೋಗುವಾಗ ಅಕ್ಕ ನನ್ನೆದುರು ನಿಂತಳು. ಹರಿದ ಕಿವಿಯಿಂದ ರಕ್ತ ಹೆಗಲಿಗೆ ಇಳಿಯುತ್ತಿತ್ತು.

“ನೀ ದಿನಾ ಕಣ್ಣಾರೆ ಕಾಂತೆ, ಜಲಜಾ. ಎಲ್ಲ ಕಾಂತೆ. ಬಾಯಿ ಎಂತಕೆ ಬಿಡ್ತಿಲ್ಲೆ?”

ಮರುದಿನ ಗೋಡೆ ನೋಡಲು ನಫೀಸಾ ಮೇಡಂ ಬಂದಾಗ ನಾನು ನೋಟ್‌ಬುಕ್ಕನ್ನು ಅವರ ಕೈಗಿಟ್ಟೆ. ಅವರು ಪುಟ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು.

“ಇದನ್ನು ಯಾರಿಗೆ ಹೇಳಿದ್ದೆ?”

ಇಲ್ಲವೆಂದು ತಲೆಯಾಡಿಸಿದೆ.

“ಒಬ್ಬರಿಗೂ ಇಲ್ಲವೇ?”

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು, ಎರಡೂ ಊರಿನವರನ್ನು ಗಡಿಗಂಬದ ಹತ್ತಿರ ಕರೆಸಲು ಹೇಳಿದರು.

ನಾಲ್ಕು ಗಂಟೆಗೆ ಜನ ಸೇರಿತು. ಕಂಬದ ಬಡಗಕ್ಕೆ ನಾವು, ತೆಂಕಕ್ಕೆ ಅವರು. ನಡುವೆ ಎರಡು ಆಳು ಮಲಗುವಷ್ಟು ಜಾಗ. ಮೇಡಂ ಅಲ್ಲಿ ನಿಂತು ಹೇಳಿದರು: “ಭಾನುವಾರ ಚಂಡಮಾರುತ ದಡ ಮುಟ್ಟುತ್ತದೆ. ಶುಕ್ರವಾರ ಮಧ್ಯಾಹ್ನ ನೀರು ಪೂರ್ತಿ ಇಳಿದಿರುತ್ತದೆ. ಇನ್ನೂರು ಜನ ಹಗ್ಗ ಹಿಡಿದರೆ ಎರಡು ಗಂಟೆಯಲ್ಲಿ ಬಲೆ ಆಮೆಪಾರೆ ಮುಟ್ಟುತ್ತದೆ. ಕಲ್ಲು ಬೆಳೆಯುವಷ್ಟು ಸಮಯ ಇಲ್ಲ, ಆದರೆ ಬರಿಯ ಬಲೆಯೂ ಅಲೆಯ ಅರ್ಧ ಬಲ ಮುರಿಯುತ್ತದೆ. ನೀರ್ಕೋಡು ಉಳಿಯುತ್ತದೆ. ಪಡುಕೇರಿಯವರೂ ಕೇಳಿ. ತುದಿಯ ಗುಂಡಿ ಇನ್ನೊಂದು ಮಾರು ಆಳವಾದರೆ ನಿಮ್ಮ ಗೋಡೆ ಬುಡಸಹಿತ ಅದರೊಳಗೆ ಮಗುಚಿಕೊಳ್ಳುತ್ತದೆ. ಆಮೇಲೆ ನಿಮ್ಮ ಸರದಿ.”

“ನಮ್ದೆಂತ ಅಡ್ಡಿ ಇಲ್ಲೆ ಮೇಡಂ,” ಎಂದರು ಗುರಿಕಾರರು. “ಅವ್ರ್ ಬಂದ್ ಹಗ್ಗ ಮುಟ್ಲಿ. ನಾವ್ ಬ್ಯಾಡ ಅಂದ್ರೆ ಕೇಳಿ.”

ಕುಶಲ ಭಾವ ಮುಂದೆ ಬಂದ. ಆಸ್ಪತ್ರೆಯಿಂದ ನೇರ ಬಂದವನಂತೆ ಕಾಣುತ್ತಿದ್ದ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. “ಮೂವತ್ತೊರ್ಷದ್ ಹಿಂದಿನ ಪಾಲ್ ಕೊಡಿ ಮೊದ್ಲ್. ಹಗ್ಗ ಮತ್ತೆ.”

“ಯಾವ ಪಾಲ್ ಮಾರಾಯ? ಬಂಗ್ಡಿಯಾ? ಅದ್ ತಿಂದವ್ರೇ ಸತ್ತ್ ಹೋಯಿರ್.”

ನಮ್ಮ ಕಡೆ ನಕ್ಕರು. ಆ ಕಡೆಯೂ ಒಬ್ಬಿಬ್ಬರ ಬಾಯಿ ಸಡಿಲಾಯಿತು.

“ಮೀನ್ ಬ್ಯಾಡ,” ಎಂದ ಕುಶಲ ಭಾವ. “ನನ್ ಅಪ್ಪನ ಬೆರಳ್ ಕೊಡಿ.”

ಆಗ ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕಿವಿಗಿಟ್ಟುಕೊಂಡ. ಹೂಂ ಎಂದ, ಇನ್ನೊಮ್ಮೆ ಹೂಂ ಎಂದ. ಫೋನನ್ನು ಜೋಪಾನವಾಗಿ ಜೇಬಿಗೆ ಹಾಕಿ, ಬಗ್ಗಿ ಒಂದು ಕಲ್ಲು ತೆಗೆದುಕೊಂಡ. ಗಣಪ ಸತ್ತನೆಂದು ಅವನು ಹೇಳಬೇಕಾಗಿರಲಿಲ್ಲ. ಕಲ್ಲು ಉದಯಣ್ಣನಿಗೆ ಎಸೆದದ್ದು, ನಡುವಿದ್ದ ಮೇಡಂ ಹಣೆಗೆ ಬಡಿಯಿತು. ಕನ್ನಡಕದ ಗಾಜು ಹುಬ್ಬಿನೊಳಗೆ ಇಳಿಯಿತು. ಅವರು ಮಂಡಿಯೂರಿ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, “ಹೊಡೆದಾಡಬೇಡಿ, ನಾನು ಸರಿಯಿದ್ದೇನೆ,” ಎನ್ನುತ್ತಿದ್ದರು. ಅವರ ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಅವರ ಮೇಲೆಯೇ ಎರಡು ಊರುಗಳೂ ಒಂದಕ್ಕೊಂದು ನುಗ್ಗಿದವು. ಹುಟ್ಟು, ಜಲ್ಲೆ, ಲಂಗರಿನ ಸರಪಳಿ. ಕೂಗು ಕಡಿಮೆ, ಕಟ್ಟಿಗೆ ಎಲುಬಿಗೆ ಬಡಿಯುವ ಸದ್ದೇ ಹೆಚ್ಚು. ಒಬ್ಬಳು ಮುದುಕಿ ಮೀನಿನ ಬುಟ್ಟಿಯಿಂದ ಒಬ್ಬನ ಮುಖಕ್ಕೆ ಚಚ್ಚುತ್ತಿದ್ದಳು. ಇನ್ನೊಬ್ಬ ಮುರಿದ ತನ್ನ ಮೊಣಕೈಯನ್ನು ಅಚ್ಚರಿಯಿಂದ ನೋಡಿಕೊಳ್ಳುತ್ತ ನೀರಿನಂಚಿನಲ್ಲಿ ನಡೆದು ಹೋಗುತ್ತಿದ್ದ. ನಾನು ಮೇಡಂ ಕಂಕುಳಿಗೆ ಕೈ ಹಾಕಿ ಶೆಡ್ಡಿನವರೆಗೆ ಎಳೆದುಕೊಂಡು ಬಂದೆ. ಆಂಬುಲೆನ್ಸಿನಲ್ಲಿ ಮಲಗಿಸುವಾಗ ಅವರು ನನ್ನ ಕೈ ಹುಡುಕಿ ಹಿಡಿದು, “ಶುಕ್ರವಾರ,” ಎಂದರು.

ಅದು ಮಂಗಳವಾರ. ಗಣಪನನ್ನು ಬುಧವಾರ ಬೆಳಿಗ್ಗೆ ಸುಟ್ಟರು. ಹೂಳಲು, ಸುಡಲು ಇದ್ದ ಜಾಗ ಕಡಲಿಗೆ ಹೋಗಿದ್ದರಿಂದ ರಸ್ತೆಯ ಬದಿಯಲ್ಲೇ ಸೌದೆ ಒಟ್ಟಿದ್ದರಂತೆ. ಆ ಹೊಗೆ ಇನ್ನೂ ಕಾಣುತ್ತಿದ್ದಾಗಲೇ ನೀರ್ಕೋಡಿನವರು ಬಂದರು.

ಹತ್ತು ಗಂಟೆಯ ಅಂಕಿ ಹೇಳಿ ಮುಗಿಸಿದ್ದೆ. ದಡದಲ್ಲಿ ನಮ್ಮ ದೋಣಿಗಳಿಗೆ ಬೆಂಕಿ ಹತ್ತಿದ್ದು ಕಿಟಕಿಯಲ್ಲಿ ಕಂಡಿತು. ನಮ್ಮ ಗಂಡಸರೆಲ್ಲ ಆ ಕಡೆ ಓಡಿದರು. ಅಷ್ಟರಲ್ಲಿ ಶೆಡ್ಡಿನ ಬಾಗಿಲು ತೆರೆದು ಕುಶಲ ಭಾವ ಒಳಗೆ ಬಂದ. ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಇದ್ದ. ಕೈಯಲ್ಲಿ ಕಾಯಿ ಕೀಳುವ ಕತ್ತಿ. ಬಾಗಿಲು ಹಾಕಿ ಚಿಲಕ ಇಟ್ಟ.

“ಹೆದರ್ಬ್ಯಾಡ ಜಲಜಾ. ನಾ ನಿಂಗೆ ಎಂತ ಮಾಡ್ತಿಲ್ಲೆ. ಕರೆಂಟ್ ತಿರ್ಗ್ಸ್.”

ನಾನು ಗೋಡೆಗೆ ಬೆನ್ನು ಹಚ್ಚಿದೆ.

“ಎಷ್ಟ್ ಹೊತ್ತ್ ಬೇಕ್, ಅದ್ ಕರ್ಗುಕ್ಕೆ?”

“ಪೂರ್ತಿಗೆ ಎರಡ್ ದಿನ,” ಎಂದೆ. “ತುದಿಯದ್ದ್ ಬೇಗ.”

“ತುದಿಯದ್ದ್ ಸಾಕ್. ಹೊಯಿಗೆ ನಮ್ಗೂ ಬರ್ಲಿ.”

“ತುದಿ ಹೋದ್ರೆ ಎಲ್ಲ ಹೋತ್ ಭಾವ. ಬುಡ ಹಿಡ್ದ್ ನಿಂತದ್ದೇ ಅದ್. ಇಲ್ಲಿ ಅರವತ್ತ್ ಮನೆ ಇತ್ತ್.”

“ಅಲ್ಲಿ ಹತ್ತೊಂಬತ್ತ್ ಇತ್ತ್.” ಅವನು ಕತ್ತಿಯನ್ನು ನನ್ನ ಕೊರಳಿಗೆ ತಂದ. ಬೀಗದ ಕೈಯ ದಾರಕ್ಕೆ ತಣ್ಣಗೆ ಅದರ ತುದಿ ತಾಗಿತು. “ನಿನ್ ಅಕ್ಕ ಈಗ ಬಸ್‌ಸ್ಟ್ಯಾಂಡಿನೊಳಗೆ ಮಲಗ್ತ್‌ಳ್. ಕಿವಿಗೆ ಬಟ್ಟೆ ಕಟ್ಕಂಡ್.”

ಕತ್ತಿಗೆ ಹೆದರಿ ತಿರುಗಿಸಿದೆ ಎಂದು ನಾನು ಪೊಲೀಸರಿಗೆ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಕಿಟಕಿ ತೆರೆದಿತ್ತು, ಕೆಳಗೆ ಕಡಲಿತ್ತು, ಬೀಗದ ಕೈಯನ್ನು ಎಸೆದುಬಿಡಬಹುದಿತ್ತು. ಅರ್ಧ ನಿಮಿಷದ ಬದಲು ಹತ್ತು ನಿಮಿಷ ತಿರುಗಿಸಿದರೆ ಏನಾಗಿಬಿಡುತ್ತದೆ, ಅವನು ನೋಡಿ ಸಮಾಧಾನವಾಗಿ ಹೋಗುತ್ತಾನೆ, ಆಮೇಲೆ ನೆಟ್ಟಗೆ ಮಾಡಿದರಾಯಿತು ಎಂದುಕೊಂಡೆ. ಹೀಗೆ ಯಾರಿಗೂ ತಿಳಿಯದಂತೆ ಎಲ್ಲ ಸರಿಮಾಡುವುದು ನನ್ನ ಚಟ.

ಬೀಗ ತೆಗೆದು ಗುಂಡಿ ತಿರುಗಿಸಿದೆ. ಮುಳ್ಳು ಬಲದಿಂದ ಸೊನ್ನೆಗೆ ಬಂದು ಎಡಕ್ಕೆ ಬಿತ್ತು.

ಕುಶಲ ಭಾವ ಕಿಟಕಿಯಿಂದ ನೋಡಿದ. ಇಳಿತದ ನೀರಿನಲ್ಲಿ ಗೋಡೆಯ ಬೆನ್ನು ಒಂದು ಅಡಿ ಅಗಲಕ್ಕೆ ಬೆಳ್ಳಗೆ ಕಾಣುತ್ತಿತ್ತು. ಅದರ ಎರಡೂ ಮಗ್ಗುಲಿನಿಂದ ಹಾಲು ಉಕ್ಕಿದಂತೆ ನೊರೆ ಏಳತೊಡಗಿತು. ಯಾವಾಗಲೂ ತಟ್ಟೆಗಳ ಕಡೆಯಿಂದ ಬರುತ್ತಿದ್ದ ಬ್ಲೀಚಿಂಗ್ ಪೌಡರಿನ ವಾಸನೆ ಅಂದು ಗೋಡೆಯುದ್ದಕ್ಕೂ ಎದ್ದು ದಡಕ್ಕೆ ಬಂತು. ಅವನು ಚಿಲಕ ತೆಗೆದು ಹೊರಗೆ ಹೋಗಿ ಗೋಡೆ ಹತ್ತಿದ. ತುದಿಯವರೆಗೆ ನಡೆದು, ಅದು ಕರಗುವುದನ್ನು ನೋಡಲು ಕುಕ್ಕರುಗಾಲಲ್ಲಿ ಕೂತ.

“ಪಡುಕೇರಿ,” ಎಂದಿತು ವೈರ್‌ಲೆಸ್ಸಿನ ದನಿ. “ನಿಮ್ಮ ಮುಳ್ಳು ಎಡಕ್ಕಿದೆ. ಒಂದು ನಿಮಿಷ ಆಯಿತು. ಪಡುಕೇರಿ, ಹೇಳಿ.”

ನಾನು ಹೇಳಲಿಲ್ಲ.

ವಾಸನೆ ಉದಯಣ್ಣನಿಗೆ ಗೊತ್ತಾಯಿತು. ಉರಿಯುವ ದೋಣಿಗಳನ್ನು ಬಿಟ್ಟು ಅವನು ಹುಟ್ಟು ಹಿಡಿದು ಗೋಡೆಯ ಮೇಲೆ ಓಡಿದ. ಮುಖದ ಅರ್ಧ ಭಾಗ ಗಂಜಿಯ ಬೊಬ್ಬೆಗಳಿಂದ ಊದಿತ್ತು. ಕುಶಲ ಭಾವ ಎದ್ದು ತಿರುಗುವಷ್ಟರಲ್ಲಿ ಮೊದಲ ಏಟು ಅವನ ಹೆಗಲಿಗೆ ಬಿತ್ತು, ಎಡಗೈ ಜೋತುಬಿತ್ತು. ಎರಡನೆಯದು ಪಕ್ಕೆಗೆ. ಮೂರನೆಯದಕ್ಕೆ ಉದಯಣ್ಣ ಹುಟ್ಟನ್ನು ತಲೆಯ ಮೇಲಕ್ಕೆ ಎತ್ತಿದಾಗ ಕುಶಲ ಭಾವ ಅವನ ಮೈಗೇ ನುಗ್ಗಿ ಕತ್ತಿಯನ್ನು ಹೊಟ್ಟೆಗೆ ಹಾಕಿ ಮೇಲಕ್ಕೆ ಎಳೆದ. ಮೀನು ಸೀಳುವ ಹಾಗೆ, ಕೆಳಗಿನಿಂದ ಮೇಲಕ್ಕೆ. ಉದಯಣ್ಣ ಹುಟ್ಟನ್ನು ಬಿಟ್ಟು ಭಾವನ ಕುತ್ತಿಗೆ ಹಿಡಿದುಕೊಂಡ. ಬಹಳ ಹೊತ್ತು, ಅಪ್ಪಿಕೊಂಡವರಂತೆ ನಿಂತಿದ್ದರು. ಆಮೇಲೆ ಕರೆಂಟು ತಿಂದಿದ್ದ ತುದಿಯ ಕಲ್ಲು ಅವರ ಕಾಲಡಿಯಲ್ಲಿ ಪುಡಿಯಾಯಿತು. ಇಬ್ಬರೂ ಗುಂಡಿಗೆ ಬಿದ್ದರು. ಅಲ್ಲಿ ನೀರು ಸದಾ ಸುಳಿಯುತ್ತಿರುತ್ತದೆ. ಎರಡು ಸಲ ತಲೆಗಳು ಮೇಲೆ ಬಂದವು. ಮೂರನೆಯ ಸಲ ಬರಿಯ ಕೆಂಪು ನೊರೆ.

“ಪಡುಕೇರಿ, ಕೂಡಲೇ ಕರೆಂಟು ನೆಟ್ಟಗೆ ಮಾಡಿ. ಗೋಡೆ ಹೋಗುತ್ತದೆ. ಕೇಳಿಸುತ್ತಿದೆಯೇ?”

ನೆಟ್ಟಗೆ ಮಾಡಿದೆ. ಮುಳ್ಳು ಬಲಕ್ಕೆ ಬಂತು. ಗಡಿಯಾರ ನೋಡಿದೆ. ಹನ್ನೊಂದು ನಿಮಿಷ.

ಪೊಲೀಸರು ಬಂದು ಗಾಳಿಯಲ್ಲಿ ಗುಂಡು ಹಾರಿಸಿದರು, ಎರಡು ಊರಿನಿಂದ ಮೂವತ್ತೊಂದು ಜನರನ್ನು ವ್ಯಾನಿಗೆ ತುಂಬಿದರು. ಗುರುವಾರ ಮುಳುಗುಗಾರನೊಬ್ಬ ದೋಣಿಯಲ್ಲಿ ಬಂದು ಸುಳಿ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ಕೂಡಲೇ ಮೇಲೆ ಬಂದ. ಹರಿದ ಬಲೆಯ ತುದಿ ಗುಂಡಿಯೊಳಗೆ ಜೋತುಬಿದ್ದಿದೆ, ಇಬ್ಬರೂ ಅದರಲ್ಲಿ ಸಿಕ್ಕಿಕೊಂಡಿದ್ದಾರೆ, ದೋಣಿಯಿಂದ ಎತ್ತಲಾಗದು, ದಡದಿಂದ ಎಳೆಯಬೇಕು, ಅದಕ್ಕೆ ನಲವತ್ತು ಆಳಾದರೂ ಬೇಕು ಎಂದ. ಚಂಡಮಾರುತದ ಎಚ್ಚರಿಕೆ ಇದ್ದುದರಿಂದ ಅವನ ದೋಣಿಯನ್ನು ವಾಪಸು ಕರೆಸಿಕೊಂಡರು. ಮಳೆ ನಿಂತ ಮೇಲೆ ನೋಡೋಣ ಎಂದು ಇನ್‌ಸ್ಪೆಕ್ಟರು ಅಮ್ಮನಿಗೆ ಹೇಳಿದರು. ಅಮ್ಮ ಆಗಿನಿಂದ ಮನೆಯ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಅಣ್ಣನ ಅಂಗಿ ಇನ್ನೂ ಹಗ್ಗದ ಮೇಲೇ ಇದೆ.

ಶುಕ್ರವಾರ ಮಧ್ಯಾಹ್ನ ನೀರು ಪೂರ್ತಿ ಇಳಿಯಿತು. ನಾನು ಗೋಡೆಯ ಮೇಲೆ ತುದಿಯವರೆಗೆ ನಡೆದು ಬಗ್ಗಿ ನೋಡಿದೆ. ಒಂದು ಆಳಿನಷ್ಟು ಕೆಳಗೆ ಇಬ್ಬರೂ ಕಂಡರು. ಉದಯಣ್ಣನ ಒಂದು ಕೈ ಬಲೆಯನ್ನು ಹಿಡಿದಿತ್ತು, ಇನ್ನೊಂದು ಭಾವನ ಕುತ್ತಿಗೆಯನ್ನು. ಕರೆಂಟು ತುದಿಯಲ್ಲೇ ಜಾಸ್ತಿ, ಕಲ್ಲು ಬೇಗ ಕಟ್ಟುವುದೂ ಅಲ್ಲಿಯೇ. ಅಣ್ಣನ ಬೆರಳುಗಳ ಮೇಲೆ, ಭಾವನ ಕೂದಲಿನ ಮೇಲೆ ಬಿಳಿಯ ಪದರ ಕೂತಿತ್ತು. ನೀರಿಗಿಳಿದು ಮುಳುಗಿ ಉಗುರಿನಿಂದ ಕೆರೆದೆ, ಬರಲಿಲ್ಲ. ಮಳೆ ನಿಲ್ಲುವವರೆಗೆ ಬಿಟ್ಟರೆ ಇಬ್ಬರೂ ಗೋಡೆಯೇ ಆಗಿಹೋಗುತ್ತಾರೆ.

ವಾಪಸು ಬಂದು ಕರೆಂಟು ಆರಿಸಿದೆ. ಮುಳ್ಳು ಸೊನ್ನೆಯಲ್ಲಿ ನಿಂತಿತು. “ಪಡುಕೇರಿ, ಚಂಡಮಾರುತಕ್ಕೆ ಮುಂಚೆ ಆರಿಸುವಂತಿಲ್ಲ,” ಎಂದಿತು ದನಿ. ವೈರ್‌ಲೆಸ್ಸನ್ನೂ ಆರಿಸಿದೆ. ರಂಪಣಿಯ ಹಳೆಯ ಹಗ್ಗ ಶೆಡ್ಡಿನ ಸೂರಿನ ಕೆಳಗೆ ಸುತ್ತಿಟ್ಟಿತ್ತು. ಅದನ್ನು ಹೊತ್ತುಕೊಂಡು ಹೋಗಿ, ಮೂರು ಸಲ ಮುಳುಗಿ, ಇಬ್ಬರ ಎದೆಗೂ ಸೇರಿಸಿ ಕಟ್ಟಿದೆ. ಬೇರೆ ಬೇರೆ ಕಟ್ಟಲು ಆಗಲಿಲ್ಲ. ಹಗ್ಗದ ಇನ್ನೊಂದು ತುದಿಯನ್ನು ಈಜಿ ದಡಕ್ಕೆ ತಂದೆ. ಅದು ಗಡಿಗಂಬದ ಬುಡದಲ್ಲಿ ಮೇಲೆ ಬಂತು.

ನಾನು ಮುಳುಗುವುದನ್ನು ಕಂಡು ದಡಕ್ಕೆ ಬಂದ ಪಡುಕೇರಿಯವರು ಬಡಗಕ್ಕೆ ನಿಂತಿದ್ದರು. ಗುರಿಕಾರರು ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮುಂದಿದ್ದರು. ನೀರ್ಕೋಡಿನವರು ತೆಂಕಕ್ಕೆ ನಿಂತಿದ್ದರು. ನೂರಕ್ಕೂ ಹೆಚ್ಚು ಜನ ಇದ್ದರು. ಕಂಬದ ಹತ್ತಿರ ಇಬ್ಬರು ಪೊಲೀಸರು ಕೋವಿ ಹಿಡಿದು ನಿಂತಿದ್ದರು. ಪಡುವಣದಲ್ಲಿ ಆಕಾಶ ಆಗಲೇ ಕಪ್ಪಾಗಿತ್ತು. ಶೆಡ್ಡಿನ ಹಿಂದೆ ಟಾರ್ಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಕೆಳಗೆ ಎಪ್ಪತ್ತೆಂಟು ಮಾರು ಬಲೆಯ ಸುರುಳಿ ಹಾಗೆಯೇ ಇತ್ತು.

ಗುಂಪಿನಿಂದ ಗುಲಾಬಿಯಕ್ಕ ಬಂದಳು. ಕಿವಿಗೆ ಬಟ್ಟೆ ಕಟ್ಟಿತ್ತು. ನನ್ನ ಹಿಂದೆ ನಿಂತು ಹಗ್ಗ ಹಿಡಿದಳು. ಇಬ್ಬರೂ ಹಿಮ್ಮಡಿ ಊರಿ ಎಳೆದೆವು. ಹಗ್ಗ ಬಿಗಿಯಾಗಿ ನೀರು ಹಿಂಡಿತು, ಒಂದು ಗೇಣೂ ಬರಲಿಲ್ಲ. ಮತ್ತೆ ಎಳೆದೆವು. ಅಂಗೈ ಸುಲಿಯಿತು.

ನಾನು ತಿರುಗಿ ಎರಡು ಕಡೆಯೂ ನೋಡಿದೆ. ಇಷ್ಟು ಜನರ ಮುಂದೆ ನಾನು ಎಂದೂ ಬಾಯಿ ಬಿಟ್ಟವಳಲ್ಲ.

“ಹಗ್ಗಕ್ಕೆ ಒಂದ್ ಕೈ ಹಾಕಿ,” ಎಂದೆ.

ದನಿ ಸಣ್ಣದಾಯಿತೇನೋ ಎಂದುಕೊಂಡೆ. ಗಾಳಿಯೂ ಇತ್ತು. ಆದರೆ ಮುಂದಿನ ಸಾಲಿನವರಿಗೆ ಕೇಳಿಸಿತ್ತು. ಅವರು ಹಗ್ಗವನ್ನು ನೋಡಿದರು, ಆಮೇಲೆ ಕಂಬದ ಆಚೆ ಇದ್ದವರ ಕೈಗಳನ್ನು ನೋಡಿದರು. ಅವರು ಇವರ ಕೈಗಳನ್ನು ನೋಡಿದರು. ನೀರು ಏರಲು ಶುರುವಾಗಿ ನಮ್ಮ ಕಾಲಿನ ಹರಡಿಗೆ ಬಂತು, ಮೊಣಕಾಲಿಗೆ ಬಂತು. ಅಕ್ಕ ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡಳು.

ಇನ್ನೊಮ್ಮೆ, ಜೋರಾಗಿ ಹೇಳಿದೆ.

“ಒಂದ್ ಕೈ ಹಾಕಿ.”